ಆಸ್ಟ್ರೇಲಿಯಾದ ಅಂಕಣ, ಶಿಡ್ಲಘಟ್ಟದ ಗೆಲುವು

ನಾನು ಆಸ್ಟ್ರೇಲಿಯಾ ನೋಡಿಲ್ಲ. ಹಡಗನ್ನೂ ಹತ್ತಿಲ್ಲ. ಆದರೂ ಐವತ್ತರ ದಶಕದ ನಡುವಿನಿಂದ ಅರವತ್ತರ ದಶಕದ ಕೊನೆಯವರೆಗೆ, ಚಿಕ್ಕಬಳ್ಳಾಪುರದ ಒಂದು ವಾರಪತ್ರಿಕೆಯಲ್ಲಿ ಆ ದೇಶದ ರಾಜಕೀಯ, ಅಲ್ಲಿನ ಸರ್ಕಾರದ ಆರ್ಥಿಕ ನೀತಿ, ಜನರ ಹಕ್ಕು, ಕ್ರಿಕೆಟ್ ಎಲ್ಲದರ ಬಗ್ಗೆ ವಾರ ತಪ್ಪದೆ ಬರೆದೆ. ಗೌರಿಬಿದನೂರಿನ ಹೋಟೆಲುಗಳಲ್ಲಿ, ಚಿಂತಾಮಣಿಯ ಕ್ಷೌರದಂಗಡಿಗಳಲ್ಲಿ, ಶಿಡ್ಲಘಟ್ಟದ ರೇಷ್ಮೆ ಕೆಲಸದ ಶೆಡ್ಡುಗಳಲ್ಲಿ ಜನ ಅದನ್ನು ಓದಿದರು. ಓದು ಬಾರದವರು ಓದಿಸಿ ಕೇಳಿದರು. ಅದೇ ಅಂಕಣಕ್ಕಾಗಿ ಒಂದು ಸಲ ಕೋರ್ಟಿನ ಕಟಕಟೆಯಲ್ಲಿ ನಿಂತೆ. ನಿಂತು ಗೆದ್ದೆ. ಪತ್ರಿಕೆ ಕೆಲಸಕ್ಕೆ ಈಗ ಸೇರುತ್ತಿರುವವರು ನನ್ನನ್ನು ಕಂಡಾಗಲೆಲ್ಲ ಆ ಕೇಸಿನ ಬಗ್ಗೆಯೇ ಕೇಳುತ್ತಾರೆ. ಅದಕ್ಕೆ ಮೊದಲು ಮಾಡಿದ ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಕೆಲಸ ಕಲಿತದ್ದು ಅವುಗಳಿಂದಲೇ.

ನಮ್ಮೂರು ಶಿಡ್ಲಘಟ್ಟ ತಾಲ್ಲೂಕಿನ ಮೇಲೂರು. ಅಪ್ಪ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುತ್ತಿದ್ದರು. ಇಂಟರ್‌ಮೀಡಿಯೆಟ್ ಮುಗಿಸಿದ ಮೇಲೆ ನಾನು ಪತ್ರಿಕೆಗೆ ಪ್ರೂಫ್ ತಿದ್ದುವವನಾಗಿ ಸೇರಿದೆ. ಪತ್ರಿಕೆಯ ಮಾಲೀಕರೂ ಸಂಪಾದಕರೂ ಆದ ಗಫೂರ್ ಸಾಹೇಬರದು ರೇಷ್ಮೆ ವ್ಯಾಪಾರದ ಮನೆತನ. ಮನೆಯಲ್ಲಿ ಉರ್ದು, ಪ್ರೆಸ್ಸಿನಲ್ಲಿ ಕನ್ನಡ, ಗೌರಿಬಿದನೂರಿನ ಏಜೆಂಟರು ಬಂದರೆ ತೆಲುಗು. ಅಣ್ಣತಮ್ಮಂದಿರೆಲ್ಲ ರೇಷ್ಮೆಯಲ್ಲೇ ಉಳಿದರೂ ಇವರೊಬ್ಬರು ಕಾಲಿನಲ್ಲಿ ತುಳಿಯುವ ಒಂದು ಅಚ್ಚಿನ ಯಂತ್ರ ಕೊಂಡು ಪತ್ರಿಕೆ ಹಾಕಿದ್ದರು. ಅಕ್ಷರದ ಮೊಳೆಗಳನ್ನು ಒಂದೊಂದಾಗಿ ಜೋಡಿಸುವ ಕೆಲಸ ಪಿಳ್ಳಪ್ಪನವರದು. ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ನಿಂತೇ ಕೆಲಸ ಮಾಡುವ ಆ ಮನುಷ್ಯ ನನ್ನ ಬರಹದ ಮೊದಲ ಓದುಗ, ಮೊದಲ ಟೀಕಾಕಾರ.

ಸೇರಿದ ಎರಡನೇ ವರ್ಷ ಸಾಹೇಬರು ನನಗೆ ಪರದೇಶದ ಸುದ್ದಿಯ ಪುಟ ಒಪ್ಪಿಸಿದರು. ನಾನು ಹುರುಪಿನಿಂದ ಅಮೆರಿಕ, ರಷ್ಯಾ, ಇಂಗ್ಲೆಂಡ್ ಎಂದು ಬರೆದೆ. ನಮ್ಮ ಪತ್ರಿಕೆ ಹೊರಬರುತ್ತಿದ್ದುದು ಗುರುವಾರ. ಬೆಂಗಳೂರಿನ ದಿನಪತ್ರಿಕೆಗಳು ಅಷ್ಟೂ ಸುದ್ದಿಯನ್ನು ಸೋಮವಾರವೇ ತಂದು ಹಾಕಿರುತ್ತಿದ್ದವು. ಮೂರು ವಾರ ನೋಡಿ ಸಾಹೇಬರು ನನ್ನನ್ನು ಕರೆದರು.

"ನಾರಾಯಣಪ್ಪ, ಎಲ್ರೂ ಬರಿಯೋ ದೇಶ ನಮಗ್ಯಾಕಪ್ಪ? ಯಾರೂ ಬರೀದೇ ಇರೋ ದೇಶ ಒಂದು ಹುಡುಕು. ಅದನ್ನ ಪೂರ್ತಿ ತಿಳ್ಕೊ. ನಮ್ಮ ಪತ್ರಿಕೇಲಿ ಬಿಟ್ರೆ ಬೇರೆ ಎಲ್ಲೂ ಸಿಗಬಾರದು."

ಸಾಹೇಬರ ಮನೆಯ ಪಡಸಾಲೆಯಲ್ಲಿ ದೊಡ್ಡದೊಂದು ರೇಡಿಯೋ ಇತ್ತು. ಪ್ರತಿದಿನ ಬೆಳಿಗ್ಗೆ ಹೋಗಿ ಅದರ ಮುಳ್ಳು ತಿರುಗಿಸುತ್ತಾ ಕೂತೆ. ಒಂದು ವಾರ ಕಿವಿಯಿಟ್ಟ ಮೇಲೆ ಗೊತ್ತಾದದ್ದೇನೆಂದರೆ, ಬೆಳಗಿನ ಹೊತ್ತಿಗೆ ಆಸ್ಟ್ರೇಲಿಯಾದ ಇಂಗ್ಲಿಷ್ ಸುದ್ದಿ ಪಕ್ಕದ ಮನೆಯವರು ಮಾತಾಡಿದಷ್ಟು ಚೆನ್ನಾಗಿ ಕೇಳುತ್ತದೆ. ದೇಶ ಸಿಕ್ಕಿತು ಎಂದು ಸಾಹೇಬರಿಗೆ ಹೇಳಿದೆ. ಅವರು ಚಹಾದ ಲೋಟ ಕೆಳಗಿಟ್ಟು, "ಕುರಿ ಜಾಸ್ತಿ, ಜನ ಕಮ್ಮಿ ಇರೋ ದೇಶ. ಆಗ್ಲಿ, ಬರಿ," ಎಂದರು.

ಪಿಳ್ಳಪ್ಪನವರಿಗೆ ಮಾತ್ರ ಇದು ಸರಿಹೋಗಲಿಲ್ಲ. 'ಆಸ್ಟ್ರೇಲಿಯಾ' ಎಂದು ಒಂದು ಸಲ ಜೋಡಿಸಬೇಕಾದರೆ ಸಕಾರದ ಕೆಳಗೆ ಟಕಾರದ ಒತ್ತು, ಅದರ ಜೊತೆಗೆ ರಕಾರದ ಒತ್ತು ಬೇಕು. ನಮ್ಮ ಮೊಳೆಗಳ ಪೆಟ್ಟಿಗೆಯಲ್ಲಿ ಟಕಾರದ ಒತ್ತು ಇದ್ದದ್ದೇ ಬೆರಳೆಣಿಕೆಯಷ್ಟು. ಅರ್ಧ ಅಂಕಣ ಮುಗಿಯುವಷ್ಟರಲ್ಲಿ ಅವರು ಒಳಗಿನಿಂದ ಕೂಗುತ್ತಿದ್ದರು:

"ನಾರಾಯಣಪ್ಪಾ, ನಿನ್ನ ದೇಶಕ್ಕೆ ನನ್ನ ಒತ್ತಕ್ಷರ ಎಲ್ಲಾ ಖಾಲಿ ಆಯ್ತು! ಬೇರೆ ಹೆಸರಿಡು ಇಲ್ಲ ದೇಶ ಬದಲಾಯಿಸು!"

ಹಾಗಾಗಿ ಮೊದಲಲ್ಲಿ ಒಂದೆರಡು ಸಲ ಹೆಸರು ಹಾಕಿ, ಆಮೇಲೆ 'ಆ ದೇಶ', 'ಅಲ್ಲಿನ ಸರ್ಕಾರ' ಎಂದು ಬರೆಯುವುದು ನಮ್ಮ ಪತ್ರಿಕೆಯ ಪದ್ಧತಿಯಾಯಿತು. ಎಷ್ಟೋ ವಾರ ಜಾಗ ಸಾಲದೆ ಆ 'ಅಲ್ಲಿನ' ಕೂಡ ಬಿದ್ದುಹೋಗಿ ಬರೀ 'ಸರ್ಕಾರ' ಉಳಿಯುತ್ತಿತ್ತು.

ನನ್ನ ಮೊದಲ ದೊಡ್ಡ ತಪ್ಪು ಐವತ್ತೈದರ ಡಿಸೆಂಬರಿನಲ್ಲಿ ಆಯಿತು. ಆಸ್ಟ್ರೇಲಿಯಾದಲ್ಲಿ ಚುನಾವಣೆ. ರೇಡಿಯೋದಲ್ಲಿ ಫಲಿತಾಂಶ ಕೇಳಿಕೊಂಡು, ಓದುವವರ ಕಣ್ಣಿಗೆ ಕಟ್ಟುವ ಹಾಗಿರಲಿ ಎಂದು ಮೊದಲ ವಾಕ್ಯವನ್ನು ಹೀಗೆ ಬರೆದೆ: 'ಡಿಸೆಂಬರಿನ ಕೊರೆಯುವ ಚಳಿಯಲ್ಲಿ ಕಂಬಳಿ ಹೊದ್ದು, ನಡುಗುತ್ತಾ ಸಾಲಿನಲ್ಲಿ ನಿಂತು ಮೆಲ್ಬರ್ನಿನ ಜನ ಮತ ಹಾಕಿದರು.' ಬರೆದಾಗ ನಮ್ಮೂರಲ್ಲಿ ನಿಜವಾಗಿಯೂ ಚಳಿಯಿತ್ತು. ನಾನೇ ಶಾಲು ಹೊದ್ದಿದ್ದೆ.

ಪತ್ರಿಕೆ ಬಂದ ಮಾರನೆಯ ಬೆಳಿಗ್ಗೆ ಬಿಳಿ ಸಮವಸ್ತ್ರದ ಹೆಂಗಸೊಬ್ಬರು ಸೈಕಲ್ಲಿನಿಂದ ಇಳಿದು ಪ್ರೆಸ್ಸಿನ ಒಳಗೆ ಬಂದರು. ಕೈಯಲ್ಲಿ ನಮ್ಮ ಪತ್ರಿಕೆ. ಊರಿನ ಮಿಷನ್ ಆಸ್ಪತ್ರೆಯ ನರ್ಸ್, ಸಿಸ್ಟರ್ ಮೇಬಲ್. ಬಂದು ಮೂರು ವರ್ಷವಾಗಿತ್ತು. ರೋಗಿಗಳ ಬಾಯಿಂದಲೇ ಕನ್ನಡ ಕಲಿತಿದ್ದರು. ಊರವರು ಮೇಬಲಮ್ಮ ಎನ್ನುತ್ತಿದ್ದರು.

"ಇದನ್ನ ಬರ್ದೋರು ಯಾರಪ್ಪಾ?"

ನಾನು ಎದ್ದು ನಿಂತೆ.

"ನಾನು ಹುಟ್ಟಿದ್ದು ಮೆಲ್ಬರ್ನಲ್ಲಿ. ಡಿಸೆಂಬರಲ್ಲಿ ನಮ್ಮೂರಲ್ಲಿ ರಸ್ತೆ ಟಾರು ಕರಗ್ತದೆ ಕಣಪ್ಪಾ! ನೀನು ಕಂಬಳಿ ಹೊದಿಸ್ಬಿಟ್ಟಿದೀಯ!"

ಭೂಮಿಯ ಕೆಳಗಿನ ಅರ್ಧದಲ್ಲಿ ಡಿಸೆಂಬರ್ ಎಂದರೆ ಬೇಸಿಗೆ ಎಂದು ಶಾಲೆಯಲ್ಲಿ ಓದಿದ್ದೆ. ಬರೆಯುವಾಗ ಅದು ತಲೆಗೆ ಬರಲಿಲ್ಲ. ಒಳಗಿನಿಂದ ಪಿಳ್ಳಪ್ಪನವರ ನಗು ಕೇಳಿಸಿತು. ಸಾಹೇಬರು ನಗಲಿಲ್ಲ. ಮುಂದಿನ ಗುರುವಾರವೇ ತಿದ್ದುಪಡಿ ಹಾಕಿಸಿದರು. ಎಲ್ಲೋ ಮೂಲೆಯಲ್ಲಲ್ಲ, ಅದೇ ಪುಟದ ಅದೇ ಜಾಗದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ: 'ಕಳೆದ ವಾರ ನಾವು ತಪ್ಪು ಬರೆದೆವು. ಅಲ್ಲಿ ಈಗ ಬೇಸಿಗೆ.' ನನಗೆ ಅಂಗಡಿಬೀದಿಯಲ್ಲಿ ತಲೆ ಎತ್ತಿ ನಡೆಯಲು ನಾಚಿಕೆಯಾಯಿತು. ಸಾಹೇಬರು, "ತಪ್ಪು ಎಷ್ಟು ದೊಡ್ಡದಾಗಿ ಹಾಕಿದ್ವೋ ತಿದ್ದೋದೂ ಅಷ್ಟೇ ದೊಡ್ಡದಾಗಿ ಹಾಕ್ಬೇಕು. ಆಗ ಮುಂದೆ ನೀನು ಬರ್ದಿದ್ದನ್ನ ಜನ ನಂಬ್ತಾರೆ," ಎಂದರು. ಅವರ ಕೈಕೆಳಗೆ ಇದ್ದಷ್ಟು ಕಾಲ ಈ ನಿಯಮ ಒಂದು ಸಲವೂ ಸಡಿಲವಾಗಲಿಲ್ಲ.

ಬೈಯಲು ಬಂದ ಮೇಬಲಮ್ಮ ಹೋಗುವಾಗ ನನಗೊಂದು ದೊಡ್ಡ ಉಪಕಾರ ಮಾಡಿ ಹೋದರು. ಅವರ ತಂದೆ ರೈಲ್ವೆಯಲ್ಲಿ ಕೆಲಸಕ್ಕಿದ್ದವರು. ಮಗಳಿಗೆ ಅಲ್ಲಿನ ಪತ್ರಿಕೆಗಳನ್ನು ಕಟ್ಟುಕಟ್ಟಾಗಿ ಹಡಗಿನಲ್ಲಿ ಕಳಿಸುತ್ತಿದ್ದರು. ಬರುವ ಹೊತ್ತಿಗೆ ಎರಡು ತಿಂಗಳು ಹಳೆಯದಾಗಿರುತ್ತಿದ್ದವು. ಅವನ್ನೆಲ್ಲ ಓದಿಯಾದ ಮೇಲೆ ನನಗೆ ಕೊಡುವುದಾಗಿ ಹೇಳಿದರು. ಅಲ್ಲಿಂದ ನನ್ನ ಕೆಲಸದ ರೀತಿಯೇ ಬದಲಾಯಿತು. ರೇಡಿಯೋದಲ್ಲಿ ಕೇಳಿದ್ದನ್ನು ಆ ವಾರ ಚಿಕ್ಕದಾಗಿ ಹಾಕುತ್ತಿದ್ದೆ. ಪತ್ರಿಕೆಗಳು ಬಂದ ಮೇಲೆ ಅದರ ಹಿಂದುಮುಂದು ನೋಡಿ ದೊಡ್ಡದಾಗಿ ಬರೆಯುತ್ತಿದ್ದೆ. ಒಂದನ್ನು ಇನ್ನೊಂದರ ಜೊತೆ ಹೋಲಿಸಿ ನೋಡುವ ಅಭ್ಯಾಸ ಆಗ ಬಂದದ್ದು ಕೊನೆಯವರೆಗೂ ಬಿಡಲಿಲ್ಲ.

ಹಾಗಿದ್ದೂ ಎರಡನೇ ತಪ್ಪು ತಪ್ಪಲಿಲ್ಲ. ಅಲ್ಲಿ ಅಧಿಕಾರದಲ್ಲಿದ್ದುದು ಲಿಬರಲ್ ಪಕ್ಷ. ನಾನು ನಿಘಂಟು ತೆಗೆದು 'ಉದಾರವಾದಿ ಪಕ್ಷ' ಎಂದು ಕನ್ನಡ ಮಾಡಿ, ಅದೇ ಬಡವರ ಕಡೆಯ ಪಕ್ಷ ಎಂದು ತಿಂಗಳುಗಟ್ಟಲೆ ಹೊಗಳಿದೆ. ಮೇಬಲಮ್ಮ ಮತ್ತೆ ಸೈಕಲ್ ತುಳಿದುಕೊಂಡು ಬಂದರು.

"ನಮ್ಮಪ್ಪ ಇದನ್ನ ಕೇಳಿದ್ರೆ ಊಟ ಬಿಡ್ತಾರೆ ನಾರಾಯಣಪ್ಪ. ಅದು ವ್ಯಾಪಾರಸ್ಥರ ಪಕ್ಷ. ಕೂಲಿ ಮಾಡೋರದು ಲೇಬರ್ ಪಕ್ಷ. ಹೆಸರು ನೋಡಿ ಗುಣ ಹೇಳ್ಬೇಡ."

ಮತ್ತೆ ತಿದ್ದುಪಡಿ. ಮತ್ತೆ ಅಷ್ಟೇ ದಪ್ಪ ಅಕ್ಷರ.

ಅಂಕಣಕ್ಕೆ ಓದುಗರು ಹುಟ್ಟಿಕೊಂಡದ್ದು ಒಂದು ಸಣ್ಣ ಸುದ್ದಿಯಿಂದ. ಅಲ್ಲಿ ಮತ ಹಾಕದವನಿಗೆ ದಂಡ ಎಂದು ಬರೆದಿದ್ದೆ. ಚಿಂತಾಮಣಿಯ ಕ್ಷೌರದಂಗಡಿಯೊಂದರಲ್ಲಿ ಇದರ ಮೇಲೆ ಎರಡು ದಿನ ವಾದ ನಡೆದು, ಎರಡು ಕಡೆಯವರೂ ನನಗೆ ಕಾಗದ ಬರೆದರು. ಅಲ್ಲಿಂದ ವಾರವಾರವೂ ಕಾಗದ ಬರತೊಡಗಿದವು. ಉಣ್ಣೆಯ ಬೆಲೆ ಬಿದ್ದಾಗ ಅಲ್ಲಿನ ಕುರಿ ಸಾಕುವವರು ಏನು ಮಾಡಿದರು ಎಂದು ಮೇಲೂರಿನ ರೇಷ್ಮೆಗೂಡು ಬೆಳೆಯುವವರು ಕೇಳಿದರು. ಕಾರ್ಖಾನೆಯ ಕೃತಕ ನೂಲು ಬಂದು ಉಣ್ಣೆಯನ್ನು ಹೆದರಿಸುತ್ತಿದೆ ಎಂದು ಬರೆದರೆ, ನಮ್ಮ ರೇಷ್ಮೆಗೂ ಅದೇ ಹೆದರಿಕೆ ಎಂದು ಉತ್ತರ ಬಂತು.

ಆರ್ಥಿಕ ನೀತಿ ಬರೆಯುವುದು ಕಷ್ಟ. ಬ್ಯಾಂಕುಗಳು ಸಾಲ ಕೊಡದ ಹಾಗೆ ಅಲ್ಲಿನ ಸರ್ಕಾರ ಬಿಗಿ ಮಾಡಿದ ವರ್ಷ, ನಾನು ಎರಡು ಪುಟ ದೊಡ್ಡ ದೊಡ್ಡ ಮಾತು ಬರೆದು ಸಾಹೇಬರ ಮುಂದಿಟ್ಟೆ. ಅವರು ಅರ್ಧ ಓದಿ ಹಿಂದಕ್ಕೆ ಕೊಟ್ಟರು.

"ಮುರುಗಮಲ್ಲದ ದರ್ಗಾಕ್ಕೆ ಹೋಗೋ ಬಸ್ಸಲ್ಲಿ ಕೂತಿರೋ ಮುದುಕಿಗೆ ಅರ್ಥ ಆಗ್ಬೇಕು. ಆಗ ತಗೊಂಡ್ಬಾ."

ನಾನು ಅದನ್ನು ಅಕ್ಷರಶಃ ಮಾಡಿದೆ. ಶುಕ್ರವಾರ ಮುರುಗಮಲ್ಲದ ಬಸ್ಸು ಹತ್ತಿ, ಪಕ್ಕದಲ್ಲಿ ಕೂತಿದ್ದ ಅಜ್ಜಿಗೆ ವಿಷಯ ಹೇಳಿದೆ. ಸಾಲ, ಬಡ್ಡಿ, ಆಮದು ಎಂದು ಹೇಳಿದಾಗ ಆಕೆ ಕಿಟಕಿಯ ಕಡೆ ನೋಡುತ್ತಿದ್ದರು. ಕೊನೆಗೆ, "ಬ್ಯಾಂಕುಗಳು ಕೈ ಬಿಗಿ ಹಿಡಿದವು ಅಜ್ಜಿ," ಎಂದೆ.

"ಅವು ಯಾವತ್ತಪ್ಪಾ ಕೈ ಸಡಿಲ ಬಿಟ್ಟಿದ್ವು?" ಎಂದರು ಅಜ್ಜಿ. ಮುಂದಿನ ಸೀಟಿನವರೆಲ್ಲ ತಿರುಗಿ ನಕ್ಕರು. ಅದೇ ಆ ವಾರದ ತಲೆಬರಹವಾಯಿತು.

ಇನ್ನು ಕ್ರಿಕೆಟ್. ಐವತ್ತೊಂಬತ್ತರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾ ತಂಡ ಕಾನ್ಪುರದಲ್ಲಿ ನಮ್ಮವರ ಜೊತೆ ಟೆಸ್ಟ್ ಆಡಿತು. ಅವರನ್ನು ನಾವು ಅದುವರೆಗೆ ಸೋಲಿಸಿಯೇ ಇರಲಿಲ್ಲ. ಸಾಹೇಬರು ರೇಡಿಯೋವನ್ನು ಪ್ರೆಸ್ಸಿನ ಜಗುಲಿಗೆ ತರಿಸಿ ಧ್ವನಿವರ್ಧಕ ಕಟ್ಟಿಸಿದರು. ಕಾಮೆಂಟರಿ ಇಂಗ್ಲಿಷಿನಲ್ಲಿ. ನಾನು ಪಕ್ಕದಲ್ಲಿ ನಿಂತು ಒಂದು ಸಲ ಕನ್ನಡ, ಒಂದು ಸಲ ತೆಲುಗಿನಲ್ಲಿ ಹೇಳಬೇಕು. ಕೊನೆಯ ದಿನ ಗೌರಿಬಿದನೂರಿನಿಂದಲೂ ಜನ ಬಸ್ಸು ಹಿಡಿದು ಬಂದಿದ್ದರು. ರಸ್ತೆ ತುಂಬಿ ಎತ್ತಿನಗಾಡಿಗಳು ನಿಂತುಬಿಟ್ಟಿದ್ದವು. ನಮ್ಮ ಆಫ್ ಸ್ಪಿನ್ನರ್ ಒಬ್ಬರ ಹಿಂದೆ ಒಬ್ಬರನ್ನು ಕಳಿಸುತ್ತಿದ್ದ. ಪ್ರತಿ ವಿಕೆಟ್ಟಿಗೂ ತೆಲುಗಿನವರೊಬ್ಬರು ನನ್ನ ಅಂಗಿ ಎಳೆದು, "ಏಮನ್ನಾ, ಔಟಾ? ನಿಜಂಗಾ?" ಎಂದು ಕೇಳುತ್ತಿದ್ದರು.

ಒಂಬತ್ತನೇ ವಿಕೆಟ್ ಬಿತ್ತು. ನಾನು ಎರಡೂ ಕೈ ಎತ್ತಿ, "ಇನ್ನೊಂದೇ ಒಂದು!" ಎಂದು ಕೂಗಿದೆ. ಜನ ಉಸಿರು ಬಿಗಿಹಿಡಿದು ನಿಂತರು. ರೇಡಿಯೋದಲ್ಲಿ ಮಾತ್ರ ಭಾರೀ ಗದ್ದಲ. ಬೌಲಿಂಗ್ ಇಲ್ಲ, ಬ್ಯಾಟಿಂಗ್ ಇಲ್ಲ. ಏನಾಯಿತೆಂದು ನನಗೇ ತಿಳಿಯಲಿಲ್ಲ. ಅಷ್ಟರಲ್ಲಿ ಗುಂಪಿನ ಹಿಂದಿನಿಂದ ಮೇಬಲಮ್ಮನ ದನಿ ಕೇಳಿಸಿತು:

"ಇನ್ನೊಬ್ಬ ಇಲ್ಲ ಕಣಪ್ಪಾ! ಅವನಿಗೆ ಹುಷಾರಿಲ್ಲ ಅಂತ ಆಗ್ಲೇ ಕಾಮೆಂಟರೀಲಿ ಹೇಳಿದ್ರು, ಆಡೋಕೇ ಬರಲ್ಲ! ನೀವು ಗೆದ್ರಿ! ಗೆದ್ದಾಯ್ತು!"

ತನ್ನ ದೇಶ ಸೋತ ಸುದ್ದಿಯನ್ನು ನಮ್ಮ ಊರಿಗೆ ಹೇಳಿದವರು ಆಸ್ಟ್ರೇಲಿಯಾದ ಆ ಹೆಂಗಸೇ. ಜನ ಕುಣಿದರು. ಯಾರೋ ನನ್ನನ್ನು ಹೆಗಲ ಮೇಲೆ ಎತ್ತಿಕೊಂಡರು. ಮೇಬಲಮ್ಮ ಸಾಹೇಬರ ಕೈ ಕುಲುಕಿ, ಆ ಸಂಜೆ ಆಸ್ಪತ್ರೆಯ ರೋಗಿಗಳಿಗೆಲ್ಲ ತಮ್ಮ ಕಡೆಯಿಂದ ಮೈಸೂರುಪಾಕು ಹಂಚಿದರು. 'ಗೆದ್ದೆವು' ಎಂಬ ಒಂದೇ ಪದದ ತಲೆಬರಹ ಹಾಕಿದೆವು. ಅದರಲ್ಲಿ ಟಕಾರದ ಒತ್ತು ಬೇಕಿಲ್ಲವೆಂದು ಪಿಳ್ಳಪ್ಪನವರಿಗೆ ಇನ್ನೂ ಖುಷಿ.

ಇಷ್ಟು ಹೇಳಿ ಈಗ ಕೇಸಿಗೆ ಬರುತ್ತೇನೆ.

ಅರವತ್ತರ ದಶಕದ ನಡುವೆ ನಮ್ಮ ಕಡೆಗೆ ಒಬ್ಬ ಅಧಿಕಾರಿ ಬಂದರು. ಅವರ ಹೆಸರು ಹುದ್ದೆ ಎರಡೂ ಇಲ್ಲಿ ಬೇಡ. ಆಗ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸದವರು ಒಂದು ಸಭೆ ಸೇರಬೇಕೆಂದಿದ್ದರು. ಗೂಡುಗಳನ್ನು ಕುದಿಯುವ ನೀರಿನಲ್ಲಿ ಬೇಯಿಸಿ, ಆ ಬಿಸಿನೀರಿನಲ್ಲೇ ಬೆರಳಾಡಿಸಿ ಎಳೆ ಹಿಡಿಯುವ ಕೆಲಸ ಅದು. ಹೆಚ್ಚಿನವರು ಹೆಂಗಸರು. ಅವರು ಕೇಳುತ್ತಿದ್ದುದು ವಾರಕ್ಕೊಂದು ದಿನ ರಜೆ, ಕೈ ಸುಟ್ಟರೆ ಔಷಧಿ. ಆ ಅಧಿಕಾರಿ ಗಲಾಟೆಯಾದೀತೆಂದು ಎರಡು ತಿಂಗಳ ನಿಷೇಧಾಜ್ಞೆ ಹೊರಡಿಸಿದರು: ಐದು ಜನಕ್ಕಿಂತ ಹೆಚ್ಚು ಸೇರಕೂಡದು, ಸಭೆಗೆ ಪ್ರಚೋದಿಸುವ ಬರಹ ಹಂಚಕೂಡದು. ಎರಡು ತಿಂಗಳು ಮುಗಿದ ದಿನ ಅದೇ ಆಜ್ಞೆಗೆ ಹೊಸ ತಾರೀಖು ಹಾಕಿದರು. ಆಮೇಲೆ ಮತ್ತೊಂದು ಸಲ. ಗಲಾಟೆ ಎಂಬುದು ಒಂದು ದಿನವೂ ಆಗಿರಲಿಲ್ಲ.

ಆ ದಿನಗಳಲ್ಲಿ ಮುನೆಮ್ಮ ಎಂಬ ಹೆಂಗಸು ಪ್ರೆಸ್ಸಿಗೆ ಬಂದಳು. ಹುಟ್ಟೂರು ಕೆಂಚಾರ್ಲಹಳ್ಳಿ, ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದವಳು. ಬೆರಳುಗಳು ಬೆಂದು ಬಿಳಿಚಿ ಸಿಪ್ಪೆ ಎದ್ದಿದ್ದವು. ಅವುಗಳಿಗೆ ಮುಲಾಮು ಹಚ್ಚಿಸಿಕೊಳ್ಳಲು ಮೇಬಲಮ್ಮನ ಹತ್ತಿರ ಬಂದಿದ್ದಳು. ಅವರೇ ನನ್ನ ಹೆಸರು ಹೇಳಿ ಕಳಿಸಿದ್ದರು.

"ಅಣ್ಣಾ, ಯಾವ್ದೋ ದೇಶದ್ದು ವಾರವಾರ ಬರೀತೀಯಂತಲ್ಲ. ನಮ್ ಶೆಡ್ಡಲ್ಲಿ ಓದ್ತಾರೆ, ಕೇಳ್ತೀನಿ. ಆ ದೇಶದಲ್ಲಿ ಜನ ಸೇರ್ಬೇಡಿ, ಬಾಯಿ ತೆಗೀಬೇಡಿ ಅಂದ್ರೆ ಏನ್ ಮಾಡ್ತಾರೆ?"

ಮೇಬಲಮ್ಮ ಊರಿನಿಂದ ಬರುವಾಗಲೇ ತಂದಿದ್ದ ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿದೆ. ಐವತ್ತೊಂದರಲ್ಲಿ ಆಸ್ಟ್ರೇಲಿಯಾ ಸರ್ಕಾರ, ಕಮ್ಯುನಿಸ್ಟ್ ಪಕ್ಷವನ್ನು ನಿಷೇಧಿಸುವ ಅಧಿಕಾರ ಕೊಡಿ ಎಂದು ಇಡೀ ದೇಶದ ಜನರ ಮತ ಕೇಳಿತ್ತು. ಆ ಪಕ್ಷವನ್ನು ಇಷ್ಟಪಡುವವರು ಬಹಳ ಕಡಿಮೆ. ಆದರೂ ಜನ ಕೂದಲೆಳೆಯ ಅಂತರದಲ್ಲಿ 'ಬೇಡ' ಎಂದರು. ಅದನ್ನೇ ಆ ವಾರ ಬರೆದೆ. ಕೊನೆಯ ವಾಕ್ಯ ಇನ್ನೂ ನೆನಪಿದೆ: 'ಅವರು ಆ ಪಕ್ಷಕ್ಕಾಗಿ ಮತ ಹಾಕಲಿಲ್ಲ, ನಾಳೆ ತಮ್ಮ ಬಾಯಿ ಮುಚ್ಚಿಸಲು ಬಂದರೆ ಎಂದು ಯೋಚಿಸಿ ಹಾಕಿದರು. ಸರ್ಕಾರ ಸೋತಿತು; ಅಧಿಕಾರಿಗಳು ನಿಷೇಧದ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು.'

ಗುರುವಾರ ಅದು ಶಿಡ್ಲಘಟ್ಟದ ಶೆಡ್ಡುಗಳಲ್ಲೆಲ್ಲ ಓದಿಸಿಕೊಂಡಿತು. ಸೋಮವಾರ ಆ ಅಧಿಕಾರಿ ನನ್ನ ಮೇಲೂ ಸಾಹೇಬರ ಮೇಲೂ, ನಿಷೇಧಾಜ್ಞೆ ಮೀರಿ ಸಭೆಗೆ ಪ್ರಚೋದಿಸಿದರೆಂದು ಕೋರ್ಟಿಗೆ ದೂರು ಕೊಟ್ಟರು.

ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ಆಗ ನನಗೆ ಮದುವೆಯಾಗಿ ಎರಡು ವರ್ಷ. ಅಪ್ಪ ಮೇಲೂರಿನಿಂದ ಬಂದು, "ತಪ್ಪಾಯ್ತು ಅಂತ ಒಂದು ಮಾತು ಬರ್ಕೊಟ್ಬಿಡಪ್ಪಾ, ಏನು ಕಳ್ಕೊತೀಯ?" ಎಂದರು. ಅದನ್ನೇ ಸಾಹೇಬರ ಮುಂದೆ ಹೇಳಿದೆ. ಅವರು ಆ ವಾರದ ಪತ್ರಿಕೆಯನ್ನು ನನ್ನ ಮುಂದಿಟ್ಟರು.

"ನೀನು ಬರ್ದಿದ್ರಲ್ಲಿ ತಪ್ಪಿದ್ರೆ ಹೇಳು. ದಪ್ಪ ಅಕ್ಷರದಲ್ಲಿ ಹಾಕಣ."

"ತಪ್ಪಿಲ್ಲ ಸಾಹೇಬ್ರೇ."

"ಹಾಗಿದ್ರೆ ಏನಂತ ತಿದ್ದೋದು? ನಡಿ, ಕೋರ್ಟಿಗೆ ಹೋಗಣ. ಜೊತೆಗೆ ನಾನಿದೀನಿ."

ಚಿಂತಾಮಣಿಯಿಂದ ಒಬ್ಬ ವಕೀಲರು ನಮ್ಮ ಪರ ಬಂದರು. ವಿಚಾರಣೆಯ ದಿನ ಕೋರ್ಟಿನ ಅಂಗಳದ ತುಂಬ ಜನ. ಐದಕ್ಕಿಂತ ಹೆಚ್ಚು ಸೇರಿದ್ದಾರೆಂದು ಅವತ್ತು ಯಾರೂ ಎಣಿಸಲಿಲ್ಲ. ಸರ್ಕಾರಿ ವಕೀಲರು ನನ್ನ ಅಂಕಣವನ್ನು ಗಟ್ಟಿಯಾಗಿ ಓದಿ, ಕೈ ಎತ್ತಿ ಹೇಳಿದರು: "ಆಸ್ಟ್ರೇಲಿಯಾ ಎಂಬ ಹೆಸರು ಇಡೀ ಬರಹದಲ್ಲಿ ಎರಡೇ ಸಲ ಇದೆ ಸ್ವಾಮಿ, ಅದೂ ಮೊದಲ ಸಾಲುಗಳಲ್ಲಿ. ಕೆಳಗೆಲ್ಲ ಬರೀ 'ಸರ್ಕಾರ', ಬರೀ 'ಅಧಿಕಾರಿಗಳು'. ಇದು ಶಿಡ್ಲಘಟ್ಟದ ಬಗ್ಗೆ ಬರೆದದ್ದೇ ಹೊರತು ಬೇರೆ ಅಲ್ಲ. ಆ ಹೆಸರನ್ನು ಬೇಕೆಂದೇ ಬಿಟ್ಟಿದ್ದಾರೆ."

ನಮ್ಮ ವಕೀಲರು ಪಿಳ್ಳಪ್ಪನವರನ್ನು ಸಾಕ್ಷಿಗೆ ಕರೆದರು. ಅವರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಎರಡು ಕೈಯಲ್ಲೂ ಮೊಳೆಗಳ ಮರದ ತಟ್ಟೆಯನ್ನು ಹೊತ್ತು ಬಂದು ಮ್ಯಾಜಿಸ್ಟ್ರೇಟರ ಮೇಜಿನ ಮೇಲಿಟ್ಟರು.

"ಸ್ವಾಮಿ, ಈ ಸಣ್ಣ ಖಾನೆ ಟಕಾರದ ಒತ್ತಿನ ಮನೆ. ನೋಡಿ, ಎಷ್ಟಿದಾವೆ ನೀವೇ ನೋಡಿ. ಅವತ್ತು ಮೊದಲ್ನೇ ಪುಟದಲ್ಲಿ ಮಿನಿಸ್ಟ್ರು ಬಂದ ಸುದ್ದಿ, ಡಿಸ್ಟ್ರಿಕ್ಟ್ ಬೋರ್ಡಿನ ಸುದ್ದಿ. ಇದ್ದಬದ್ದ ಒತ್ತೆಲ್ಲಾ ಅವರೇ ತಿಂದ್ರು. ಈ ಯಪ್ಪನ ಆಸ್ಟ್ರೇಲಿಯಾಕ್ಕೆ ಎರಡೇ ಮಿಕ್ಕಿದ್ದು. ಹತ್ತು ವರ್ಷದಿಂದ ಬಡ್ಕೊತಿದೀನಿ ಬೇರೆ ದೇಶ ನೋಡ್ಕೊಳಪ್ಪಾ ಅಂತ. ಕೇಳಲ್ಲ."

ಮ್ಯಾಜಿಸ್ಟ್ರೇಟರು ವಯಸ್ಸಾದವರು, ಅದುವರೆಗೆ ಮುಖ ಸಡಿಲಿಸಿರಲಿಲ್ಲ. ಅವರೇ ಬಗ್ಗಿ ಆ ಮನೆಯೊಳಗೆ ಬೆರಳಾಡಿಸಿದರು. ಕರವಸ್ತ್ರ ತೆಗೆದು ಬಾಯಿ ಒರೆಸಿಕೊಂಡ ಹಾಗೆ ಮಾಡಿದರು. ಕೋರ್ಟೆಲ್ಲ ನಕ್ಕಿತು.

ಆಮೇಲೆ ಮೇಬಲಮ್ಮ. ಅವರು ಕಟ್ಟು ಬಿಚ್ಚಿ ಹಳೆಯ ಪತ್ರಿಕೆಗಳನ್ನು ತೋರಿಸಿ, ನಾನು ಬರೆದದ್ದೆಲ್ಲ ಅಲ್ಲಿ ನಡೆದದ್ದೇ ಎಂದು ಹೇಳಿದರು. ಸರ್ಕಾರಿ ವಕೀಲರು ಎದ್ದರು.

"ಆಗ ನೀವು ಅಲ್ಲೇ ಇದ್ರಾ?"

"ಇದ್ದೆ. ಅದಾದ ಮುಂದಿನ ವರ್ಷ ಇಲ್ಲಿಗೆ ಬಂದಿದ್ದು."

"ನೀವು ಯಾವುದಕ್ಕೆ ಮತ ಹಾಕಿದ್ರಿ?"

ಮ್ಯಾಜಿಸ್ಟ್ರೇಟರು, "ಅದನ್ನು ಹೇಳಬೇಕಾದ್ದಿಲ್ಲ," ಎಂದರು. ನಾನು ಆ ಪ್ರಶ್ನೆಯನ್ನು ಅವರಿಗೆ ಎಂದೂ ಕೇಳಿರಲಿಲ್ಲ. 'ಬೇಡ' ಎಂದೇ ಹಾಕಿರುತ್ತಾರೆ ಎಂದುಕೊಂಡಿದ್ದೆ.

"ಹೇಳ್ತೀನಿ ಸ್ವಾಮಿ," ಎಂದರು ಮೇಬಲಮ್ಮ. "ನಾನು ನಿಷೇಧ ಬೇಕು ಅಂತ ಹಾಕ್ದೆ. ಆ ಪಕ್ಷದೋರು ದೇವರಿಲ್ಲ ಅನ್ನೋರು, ನನಗೆ ಅವರನ್ನ ಕಂಡ್ರಾಗದು. ನಮ್ಮಪ್ಪ ಬೇಡ ಅಂತ ಹಾಕಿದ್ರು. ಮೂರು ವಾರ ಇಬ್ರೂ ಜಗಳ ಆಡಿದ್ವಿ. ನಾನು ಸೋತೆ."

ಸರ್ಕಾರಿ ವಕೀಲರು ನಗುತ್ತಾ ಕೂರಲು ಹೊರಟರು.

"ಇನ್ನೂ ಮುಗೀಲಿಲ್ಲ, ಕೂತ್ಕೋಬೇಡಿ," ಎಂದರು ಮೇಬಲಮ್ಮ. "ಇಲ್ಲಿ ಹದಿಮೂರು ವರ್ಷದಿಂದ ಶಿಡ್ಲಘಟ್ಟದ ಹೆಂಗಸರ ಕೈಗೆ ಮುಲಾಮು ಹಚ್ತಿದೀನಿ. ನೋವು ಎಲ್ಲಿ ಅಂತ ಅವರು ಬಾಯಿ ಬಿಟ್ಟು ಹೇಳಿದ್ರೆ ತಾನೇ ನಾನು ಔಷಧಿ ಕೊಡೋದು? ಬಾಯಿ ಮುಚ್ಚಿಸೋ ಅಧಿಕಾರ ಯಾರ ಕೈಗೂ ಕೊಡಬಾರದು ಅಂತ ನನಗೆ ಗೊತ್ತಾಗಿದ್ದು ಇಲ್ಲಿ. ಅವತ್ತು ನಾನು ಸೋತಿದ್ದೇ ಒಳ್ಳೇದಾಯ್ತು. ನಮ್ಮಪ್ಪಂಗೆ ಹಾಗಂತ ಕಾಗದಾನೂ ಬರ್ದಿದೀನಿ."

ಸರ್ಕಾರಿ ವಕೀಲರು ನಿಂತೇ ಇದ್ದರು.

ಕೊನೆಗೆ ಮ್ಯಾಜಿಸ್ಟ್ರೇಟರು ನನ್ನ ಕಡೆ ತಿರುಗಿ ನೇರವಾಗಿ ಕೇಳಿದರು: "ಇದನ್ನು ಬರೆಯುವಾಗ ನಿಮ್ಮ ಮನಸ್ಸಿನಲ್ಲಿ ಶಿಡ್ಲಘಟ್ಟ ಇತ್ತೋ, ಇಲ್ಲವೋ?"

ಇಲ್ಲ ಎನ್ನಿ ಎಂದು ನಮ್ಮ ವಕೀಲರು ಕಣ್ಣಲ್ಲೇ ಹೇಳುತ್ತಿದ್ದರು. ನಾನು ಸಾಹೇಬರನ್ನು ನೋಡಿದೆ. ಅವರು ನನ್ನನ್ನು ನೋಡದೆ ಎದುರಿನ ಗೋಡೆ ನೋಡುತ್ತಾ ನೆಟ್ಟಗೆ ನಿಂತಿದ್ದರು.

"ಇತ್ತು ಸ್ವಾಮಿ," ಎಂದೆ. "ಬರೆದದ್ದೆಲ್ಲ ಆಸ್ಟ್ರೇಲಿಯಾದ್ದು, ಒಂದಕ್ಷರ ಸುಳ್ಳಿಲ್ಲ. ಆದರೆ ಓದುವವರು ಇಲ್ಲಿಯವರು. ಅವರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದೆ ನಾನು ಒಂದು ದಿನವೂ ಬರೆದಿಲ್ಲ."

ಒಂದು ವಾರದ ಮೇಲೆ ತೀರ್ಪು ಬಂತು. ಬೇರೆ ದೇಶದಲ್ಲಿ ನಡೆದ ನಿಜ ಸಂಗತಿಯನ್ನು ಹೇಳುವುದು, ಓದಿದವರಿಗೆ ತಮ್ಮ ಊರು ನೆನಪಾದರೂ, ಅಪರಾಧವಲ್ಲ. ಎರಡನೆಯದಾಗಿ, ಎರಡು ತಿಂಗಳಿಗೆ ಮುಗಿಯಬೇಕಾದ ಆಜ್ಞೆಗೆ ಮತ್ತೆ ಮತ್ತೆ ತಾರೀಖು ಬದಲಿಸಿ ಜೀವ ಕೊಡಲು ಬರುವುದಿಲ್ಲ. ಈ ಅಂಕಣ ಅಚ್ಚಾದ ದಿನ ಕಾನೂನಿನ ಪ್ರಕಾರ ಅಲ್ಲಿ ಆಜ್ಞೆಯೇ ಇರಲಿಲ್ಲ. ಇಬ್ಬರನ್ನೂ ಬಿಡುಗಡೆ ಮಾಡಲಾಗಿದೆ.

ಎರಡನೆಯ ಮಾತು ಕಿವಿಗೆ ಬಿದ್ದ ಕೂಡಲೇ ನಮ್ಮ ವಕೀಲರು ನನ್ನ ಭುಜ ಅದುಮಿದರು. ಹಾಗೆಂದರೆ ಸಭೆ ಸೇರಬಹುದು! ಅಂಗಳದಲ್ಲಿ ಸುದ್ದಿ ಹರಡಿ ಜನ ಕೂಗತೊಡಗಿದರು. ಅಪ್ಪ ಮೇಲೂರಿನಿಂದ ಬಂದು ಬೇವಿನ ಮರದ ಕೆಳಗೆ ನಿಂತಿದ್ದರು. ನನ್ನ ಹತ್ತಿರ ಬಂದು, ತಮ್ಮ ಹೆಗಲ ಮೇಲಿನ ಹೊಸ ವಲ್ಲಿಯನ್ನು ತೆಗೆದು ನನಗೆ ಹೊದಿಸಿದರು. ಆಮೇಲೆ ಎಷ್ಟೋ ಶಾಲು ಹೊದಿಸಿಕೊಂಡಿದ್ದೇನೆ, ಅದರ ಸಮ ಯಾವುದೂ ಬರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಶಿಡ್ಲಘಟ್ಟದ ಮೈದಾನದಲ್ಲಿ ಸಭೆ. ಸಣ್ಣ ರೈಲಿನಲ್ಲಿ ಸಾಹೇಬರು, ಪಿಳ್ಳಪ್ಪನವರು, ಮೇಬಲಮ್ಮ, ನಾನು ನಾಲ್ವರೂ ಹೋದೆವು. ನೂಲು ಬಿಚ್ಚುವ ಶೆಡ್ಡುಗಳ ಒಲೆಗಳನ್ನು ಅವತ್ತು ಹೊತ್ತಿಸಿರಲಿಲ್ಲ. ಊರಿನ ಮೇಲೆ ಯಾವಾಗಲೂ ಇರುವ ಬೆಂದ ಗೂಡಿನ ವಾಸನೆಯೂ ಕಡಿಮೆಯಾಗಿತ್ತು. ಕೆಂಚಾರ್ಲಹಳ್ಳಿ, ಮೇಲೂರುಗಳಿಂದ ಗಾಡಿ ಕಟ್ಟಿಕೊಂಡು ಬಂದಿದ್ದರು. ಉರ್ದು ಮಾತಾಡುವ ಮನೆಗಳ ಹೆಂಗಸರು ಒಂದು ಕಡೆ ಸೆರಗು ಹೊದ್ದು ಕೂತಿದ್ದರು. ಸಾಹೇಬರು ಬಂದೊಡನೆ ಅವರಲ್ಲಿ ಕೆಲವರು ಎದ್ದು ನಿಂತು ಸಲಾಂ ಮಾಡಿದರು.

ಮೊದಲು ನಾನು ಮಾತಾಡಬೇಕೆಂದು ಎಲ್ಲರೂ ಹೇಳಿದರು. ನಾನು ಒಪ್ಪಲಿಲ್ಲ. ಬರೆಯಲು ಬಂದಿದ್ದೇನೆ ಎಂದು ಪುಸ್ತಕ ತೆಗೆದು ಮುಂದಿನ ಸಾಲಿನಲ್ಲಿ ಕೂತೆ. ಮುನೆಮ್ಮ ಮೇಜಿನ ಮುಂದೆ ಬಂದು ನಿಂತಳು. ಪಕ್ಕದಲ್ಲೇ ಒಬ್ಬ ಪೊಲೀಸಿನವರು ಸ್ಟೂಲಿನ ಮೇಲೆ ಕೂತು, ಯಾರು ಏನು ಮಾತಾಡುತ್ತಾರೆಂದು ಬರೆದುಕೊಳ್ಳಲು ಪೆನ್ಸಿಲ್ ಹಿಡಿದಿದ್ದರು. ಅವರನ್ನು ಕಂಡು ಜನ ಸ್ವಲ್ಪ ಹಿಂಜರಿದ ಹಾಗಾಯಿತು. ಮುನೆಮ್ಮ ಅವರ ಕಡೆಗೇ ತಿರುಗಿದಳು.

"ಬರ್ಕೊಳಪ್ಪಾ, ಚೆನ್ನಾಗಿ ಬರ್ಕೊ. ನಿಧಾನವಾಗೇ ಹೇಳ್ತೀನಿ. ಒಂದು ಮಾತೂ ಬಿಡ್ಬೇಡ."

ಮೈದಾನವೆಲ್ಲ ಚಪ್ಪಾಳೆ. ಆಮೇಲೆ ಅವಳು ಎರಡೂ ಕೈಗಳನ್ನು ಎತ್ತಿ ಜನರಿಗೆ ತೋರಿಸಿ ಮಾತು ಶುರು ಮಾಡಿದಳು. ಬೆಳಗಿನ ಐದಕ್ಕೆ ನೀರು ಕಾಯಿಸುವುದರಿಂದ ಹಿಡಿದು ಒಂದೊಂದಾಗಿ ಹೇಳುತ್ತಾ ಹೋದಳು. ಅಳಲಿಲ್ಲ, ಬೈಯಲಿಲ್ಲ. ಎಲ್ಲಿಯೂ ತಡವರಿಸಲಿಲ್ಲ. ಆ ವರ್ಷ ಮುಗಿಯುವುದರೊಳಗೆ ಆ ಹೆಂಗಸರಿಗೆ ವಾರದ ರಜೆ ಸಿಕ್ಕಿತು, ಶೆಡ್ಡುಗಳಲ್ಲಿ ಮುಲಾಮಿನ ಡಬ್ಬಿಗಳು ಬಂದವು. ಅದನ್ನೂ ನಾವೇ ಮೊದಲ ಪುಟದಲ್ಲಿ ಹಾಕಿದೆವು.

ಆದರೆ ಅವತ್ತಿನ ಸಭೆಯ ವರದಿ ಬರೆಯಲು ಸಂಜೆ ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತಾಗ ನನ್ನ ಪುಸ್ತಕದಲ್ಲಿ ಇದ್ದದ್ದು ಮೂರೇ ಸಾಲು. ಅವಳ ಮಾತು ಕೇಳುತ್ತಾ ಬರೆಯುವುದನ್ನೇ ಮರೆತುಬಿಟ್ಟಿದ್ದೆ. ಅಷ್ಟು ವರ್ಷದ ಕೆಲಸದಲ್ಲಿ ಹಾಗಾದದ್ದು ಅದೊಂದೇ ಸಲ. ಅದೇ ಹೋಟೆಲಿನಲ್ಲಿ ಆ ಪೊಲೀಸಿನವರು ಕಾಫಿ ಕುಡಿಯುತ್ತಿದ್ದರು. ಸಂಕೋಚ ಬಿಟ್ಟು ಹೋಗಿ, ಅವರು ಬರೆದುಕೊಂಡದ್ದನ್ನು ತೋರಿಸುವಿರಾ ಎಂದು ಕೇಳಿದೆ. ಅವರು ಆ ಕಡೆ ಈ ಕಡೆ ನೋಡಿ, ನಗುತ್ತಾ ತಮ್ಮ ಪುಸ್ತಕವನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದರು.

ಒಂದು ಮಾತೂ ಬಿಟ್ಟಿರಲಿಲ್ಲ.